ಚಾಕೊಲೇಟಿನ ತೆರಿಗೆ ಇಳಿದರೆ ಅಟ್ಟದ ಕೊಬ್ಬರಿಗೆ ಏನು ಬಂತು?

ಚಾಕೊಲೇಟಿಗೂ ಕೃಷಿ ಪುಟಕ್ಕೂ ಏನು ಸಂಬಂಧವೆಂದು ಓದುಗರಲ್ಲಿ ಕೆಲವರು ಕೇಳಬಹುದು. ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆಯ ಓದುಗರಾದರೆ ಈ ಪ್ರಶ್ನೆ ಕೇಳಲಾರರು. ಅಟ್ಟದ ಮೇಲೆ ಕೊಬ್ಬರಿ ಇರುವ ಮನೆ, ರಸ್ತೆಗಿಳಿದರೆ ಪ್ರವಾಸಿಗರ ಬಸ್ಸು, ಮನೆಯಲ್ಲಿ ಏನಾದರೂ ಮಾಡಿ ನಾಲ್ಕು ಕಾಸು ಸಂಪಾದಿಸಬೇಕೆನ್ನುವ ಹೆಣ್ಣುಮಕ್ಕಳು, ಈ ಮೂರೂ ಒಟ್ಟಿಗೆ ಇರುವ ಸೀಮೆ ಇದು.

2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿಯು ಚಾಕೊಲೇಟು, ಕೋಕೋ ಪುಡಿ, ಕೇಕು, ಬಿಸ್ಕತ್ತುಗಳ ಮೇಲಿನ ತೆರಿಗೆಯನ್ನು ನೂರಕ್ಕೆ 18ರಿಂದ 5ಕ್ಕೆ ಇಳಿಸಲು ತೀರ್ಮಾನಿಸಿತು. ಬೆಣ್ಣೆ, ತುಪ್ಪ, ಬಾದಾಮಿ, ಪಿಸ್ತಾಗಳ ಮೇಲಿನ ತೆರಿಗೆ 12ರಿಂದ 5ಕ್ಕೆ ಬಂತು. ಸೆಪ್ಟೆಂಬರ್ 22ರಿಂದ ಇದು ಜಾರಿಯಾಗಿದೆ. ಅದಾದ ಮೇಲೆ ಸ್ವಸಹಾಯ ಸಂಘಗಳ ಸಭೆಗಳಲ್ಲಿ ಒಂದು ಮಾತು ಕೇಳಿಬರುತ್ತಿದೆ: ಚಾಕೊಲೇಟು ಅಗ್ಗವಾಯಿತು, ಕೊಬ್ಬರಿ ನಮ್ಮದೇ ಇದೆ, ಎರಡನ್ನೂ ಸೇರಿಸಿ ಬಿಲ್ಲೆ ಸುಟ್ಟು ಮಾರೋಣ, ಸಾಲ ಮಾಡಿ ಓವನ್ ತರೋಣ. ಯೋಚನೆ ಕೆಟ್ಟದ್ದಲ್ಲ. ಆದರೆ ಸಾಲದ ಅರ್ಜಿಗೆ ಸಹಿ ಹಾಕುವ ಮುಂಚೆ ಒಂದು ತಟ್ಟೆಯ ಲೆಕ್ಕವನ್ನು ಕೂತು ಹಾಕಬೇಕು. ತೆರಿಗೆ ಇಳಿದದ್ದು ನಿಮಗೆಷ್ಟು ಅನುಕೂಲ, ನಿಮ್ಮ ಎದುರಾಳಿಗೆಷ್ಟು ಅನುಕೂಲ ಎಂಬುದು ಆ ಲೆಕ್ಕದಲ್ಲಿ ಮಾತ್ರ ಕಾಣುತ್ತದೆ.

ಕೊಬ್ಬರಿಗೂ ಒಲೆಗೂ ಹಳೆಯ ನಂಟು

ಓವನ್ನಿನ ತಿಂಡಿ ನಮ್ಮದಲ್ಲ, ಪೇಟೆಯವರದ್ದು ಎಂದು ಹಿಂಜರಿಯಬೇಕಾಗಿಲ್ಲ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಮೂಲ ಹುಡುಕುತ್ತ ಹೋದರೆ ದಾರಿ ಹಾಸನ ಜಿಲ್ಲೆಗೇ ಬಂದು ಮುಟ್ಟುತ್ತದೆ. ಇಲ್ಲಿಯ ಹಳ್ಳಿಗಳಿಂದ ಹೋದ ಕುಟುಂಬಗಳು ಅಲ್ಲಿ ಬೇಕರಿ ಹಾಕಿ, ಮೊಟ್ಟೆ ಇಲ್ಲದ ಬನ್ನು, ರೊಟ್ಟಿ, ಖಾರಾ ಬಿಸ್ಕತ್ತುಗಳಿಗೆ ಹೆಸರು ಮಾಡಿದವು. ಆ ಬೇಕರಿಗಳ ದಿಲ್‌ಪಸಂದ್ ಎಂದರೆ ಮತ್ತೇನು? ಮೈದಾದ ಪದರಗಳ ನಡುವೆ ಸಿಹಿ ಕೊಬ್ಬರಿ ತುಂಬಿ ಸುಟ್ಟದ್ದು. ಕೊಬ್ಬರಿ ಬನ್ನು, ಕೊಬ್ಬರಿ ಬಿಸ್ಕತ್ತು ಸಹ ಅದೇ ಜಾತಿ. ಇವಕ್ಕೆ ಚಾಕೊಲೇಟು ಸೇರುವುದೊಂದೇ ಹೊಸತು.

ಈಗ ಮಾಡುವ ಕ್ರಮ ಹೇಳುತ್ತೇನೆ. ಇದು ಮೊಟ್ಟೆ, ಹಾಲು ಎರಡೂ ಇಲ್ಲದ ಪಾಕ. ಎರಡೂ ಇಲ್ಲದಿದ್ದರೆ ಬಿಲ್ಲೆ ಹೆಚ್ಚು ದಿನ ತಡೆಯುತ್ತದೆ.

ಎಂಟು ಅಂಗುಲದ ಚೌಕ ತಟ್ಟೆಯೊಂದಕ್ಕೆ ಬೇಕಾದ ಸಾಮಗ್ರಿ ಇಷ್ಟು. ಅಡಿಯ ಪದರಕ್ಕೆ ಗೋಧಿ ಹಿಟ್ಟು 200 ಗ್ರಾಂ, ಬೆಣ್ಣೆ 100 ಗ್ರಾಂ, ಬೆಲ್ಲದ ಪುಡಿ 60 ಗ್ರಾಂ, ಒಂದು ಚಿಟಿಕೆ ಉಪ್ಪು. ಮೇಲಿನ ಪದರಕ್ಕೆ ಬೆಲ್ಲ 150 ಗ್ರಾಂ, ಬೆಣ್ಣೆ 50 ಗ್ರಾಂ, ಒಣಕೊಬ್ಬರಿ ತುರಿ 100 ಗ್ರಾಂ, ಹುರಿದು ಸಿಪ್ಪೆ ತೆಗೆದು ಒಡೆದ ಕಡಲೆಕಾಯಿ ಬೀಜ 100 ಗ್ರಾಂ, ಕೋಕೋ ಪುಡಿ 25 ಗ್ರಾಂ. ಲೇಪಕ್ಕೆ ಕಪ್ಪು ಚಾಕೊಲೇಟು 100 ಗ್ರಾಂ.

ಗೋಧಿ ಹಿಟ್ಟು, ಬೆಲ್ಲದ ಪುಡಿ, ಉಪ್ಪು, ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಉಜ್ಜಿ ರವೆಯಂತೆ ಮಾಡಿಕೊಳ್ಳಿ. ನೀರು ಹಾಕಬೇಡಿ, ಚಪಾತಿ ಹಿಟ್ಟಿನಂತೆ ನಾದಬೇಡಿ. ನಾದಿದರೆ ಬಿಲ್ಲೆ ಗಟ್ಟಿಯಾಗುತ್ತದೆ. ಇದನ್ನು ಜಿಡ್ಡು ಸವರಿದ ತಟ್ಟೆಗೆ ಸಮವಾಗಿ ಒತ್ತಿ, 180 ಡಿಗ್ರಿ ಶಾಖದಲ್ಲಿ ಹದಿನೈದು ಹದಿನೆಂಟು ನಿಮಿಷ ಸುಡಿ. ಅಂಚು ಕೆಂಪಗಾಗತೊಡಗಿದರೆ ಸಾಕು. ಈ ನಡುವೆ ಬೆಲ್ಲಕ್ಕೆ ಎರಡು ಚಮಚ ನೀರು ಹಾಕಿ ಕರಗಿಸಿ ಸೋಸಿ, ಎಳೆಪಾಕಕ್ಕೆ ತಂದು ಇಳಿಸಿ. ಬೆಲ್ಲದಲ್ಲಿ ಮಣ್ಣು ಮರಳು ಇರುವುದು ಹೊಸ ವಿಷಯವೇನಲ್ಲ, ಆದ್ದರಿಂದ ಸೋಸುವುದನ್ನು ಮರೆಯಬೇಡಿ. ಬಿಸಿ ಪಾಕಕ್ಕೆ ಬೆಣ್ಣೆ, ಕೋಕೋ ಪುಡಿ, ಕೊಬ್ಬರಿ ತುರಿ, ಕಡಲೆಬೀಜ ಸೇರಿಸಿ ಕಲಸಿ, ಸುಟ್ಟ ಅಡಿಪದರದ ಮೇಲೆ ಹರಡಿ, ಮತ್ತೆ ಹನ್ನೆರಡು ನಿಮಿಷ ಒಲೆಗೆ ಇಡಿ. ಹೊರ ತೆಗೆದ ಕೂಡಲೇ ಸಣ್ಣಗೆ ಹೆಚ್ಚಿದ ಚಾಕೊಲೇಟನ್ನು ಮೇಲೆ ಉದುರಿಸಿ ಐದು ನಿಮಿಷ ಬಿಡಿ. ತಟ್ಟೆಯ ಬಿಸಿಗೇ ಅದು ಕರಗುತ್ತದೆ, ಚಮಚದ ಬೆನ್ನಿನಿಂದ ಸವರಿದರಾಯಿತು. ಉಗುರುಬೆಚ್ಚಗಿರುವಾಗ ಕೊಯ್ಯಿರಿ. ಪೂರ್ತಿ ತಣಿದ ಮೇಲೆ ಕೊಯ್ದರೆ ಬಿಲ್ಲೆ ಒಡೆಯುತ್ತದೆ. ಹೆಚ್ಚುಕಡಿಮೆ 35 ಗ್ರಾಮಿನ 24 ಬಿಲ್ಲೆಗಳು ಬರುತ್ತವೆ.

ಓವನ್ ಇಲ್ಲದವರು ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಒಂದು ಅಂಗುಲ ಮರಳು ಹಾಕಿ, ಅದರ ಮೇಲೆ ಸಿಂಬಿಯಂಥ ಕಬ್ಬಿಣದ ಬಳೆ ಇಟ್ಟು, ಮುಚ್ಚಳ ಮುಚ್ಚಿ ಹತ್ತು ಹನ್ನೆರಡು ನಿಮಿಷ ಕಾಯಿಸಿ, ಬಳೆಯ ಮೇಲೆ ತಟ್ಟೆ ಇಡಬಹುದು. ಉರಿ ಸಣ್ಣಗಿರಲಿ, ಮೇಲೆ ಹೇಳಿದ್ದಕ್ಕಿಂತ ಅರ್ಧದಷ್ಟು ಹೆಚ್ಚು ಹೊತ್ತು ಹಿಡಿಯುತ್ತದೆ. ಅಡಿಗೆ ಮಾಡುವ ಒಳ್ಳೆಯ ಕುಕ್ಕರನ್ನು ನೀರಿಲ್ಲದೆ ಕಾಯಿಸಿ ಕೆಡಿಸಿಕೊಳ್ಳಬೇಡಿ. ಊರಿನ ಬೇಕರಿಯವರು ಒಪ್ಪಿದರೆ ರೊಟ್ಟಿ ತೆಗೆದ ಮೇಲೆ ಉಳಿದ ಬಿಸಿಯಲ್ಲಿ ನಿಮ್ಮ ನಾಲ್ಕು ತಟ್ಟೆ ಸುಟ್ಟುಕೊಡುವುದುಂಟು. ನನ್ನನ್ನು ಕೇಳಿದರೆ ಮೊದಲ ಮೂರು ತಿಂಗಳು ಹೀಗೇ ನಡೆಸುವುದು ಮೇಲು.

ಒಂದು ತಪ್ಪನ್ನು ಮಾತ್ರ ಮಾಡಬೇಡಿ. ಚಾಕೊಲೇಟು ತೆಳುವಾಗಲೆಂದು ಲೇಪಕ್ಕೆ ಕೊಬ್ಬರಿ ಎಣ್ಣೆ ಬೆರೆಸುವವರಿದ್ದಾರೆ. ಕೋಕೋ ಬೆಣ್ಣೆಗೂ ಕೊಬ್ಬರಿ ಎಣ್ಣೆಗೂ ಹೊಂದಾಣಿಕೆ ಇಲ್ಲ. ಎರಡೂ ಬೇರೆ ಬೇರೆಯಾಗಿ ಗಟ್ಟಿಯಾಗಬಲ್ಲವು. ಬೆರೆತರೆ ಎರಡಕ್ಕಿಂತಲೂ ಮೆತ್ತಗಾಗಿ, ಕೈಗಂಟಿ, ನಾಲ್ಕು ದಿನಕ್ಕೆ ಬಿಳಿ ಮಚ್ಚೆ ಬೀಳುತ್ತದೆ. ಅಡಿಯ ಪದರಕ್ಕೆ ಬೇಕಾದರೆ 100 ಗ್ರಾಂ ಬೆಣ್ಣೆಯ ಬದಲು 80 ಗ್ರಾಂ ಕೊಬ್ಬರಿ ಎಣ್ಣೆ ಬಳಸಬಹುದು, ಅದಕ್ಕೆ ಅಡ್ಡಿಯಿಲ್ಲ.

ಒಂದು ತಟ್ಟೆಯ ಲೆಕ್ಕ

ದರಗಳು ಊರಿಂದೂರಿಗೆ, ವಾರದಿಂದ ವಾರಕ್ಕೆ ಬದಲಾಗುತ್ತವೆ. ಲೆಕ್ಕಕ್ಕಾಗಿ ದುಂಡು ಸಂಖ್ಯೆಗಳನ್ನು ಹಿಡಿಯೋಣ. ನೀವು ನಿಮ್ಮ ಪೇಟೆಯ ದರ ಹಾಕಿಕೊಳ್ಳಿ. ಬೆಣ್ಣೆ ಕಿಲೋಗೆ 600 ರೂ. ಆದರೆ 150 ಗ್ರಾಮಿಗೆ 90 ರೂ. ಚಾಕೊಲೇಟು ಕಿಲೋಗೆ 700ರಂತೆ 70. ಕೋಕೋ ಪುಡಿ ಕಿಲೋಗೆ ಸಾವಿರದಂತೆ 25. ಬೆಲ್ಲ 13, ಹಿಟ್ಟು 10, ಕಡಲೆಬೀಜ 15. ಕೊಬ್ಬರಿ ಕಿಲೋಗೆ 200ರಂತೆ 20. ಗ್ಯಾಸು, ಕಾಗದ, ಡಬ್ಬಿ ಸೇರಿ 25. ಒಟ್ಟು 268 ರೂಪಾಯಿ. ಬಿಲ್ಲೆಯೊಂದಕ್ಕೆ 11 ರೂಪಾಯಿಯ ಮೇಲೆ ಬಿತ್ತು.

ಬಿಲ್ಲೆಯನ್ನು 20 ರೂಪಾಯಿಗೆ ಮಾರಿದರೆ ತಟ್ಟೆಗೆ 480. ಅಂಗಡಿಯಲ್ಲಿಟ್ಟು ಮಾರಿಸಿದರೆ ಅಂಗಡಿಯವರ ಪಾಲು ನೂರಕ್ಕೆ 20 ಎಂದು ಹಿಡಿದರೂ ಕೈಗೆ ಬರುವುದು 384. ಖರ್ಚು ಕಳೆದರೆ ಉಳಿದದ್ದು 116 ರೂಪಾಯಿ. ಇದು ಎರಡೂವರೆ ಗಂಟೆಯ ದುಡಿಮೆಗೆ, ಅದೂ ಒಂದು ಬಿಲ್ಲೆಯೂ ಮುರಿಯದೆ, ಒಂದೂ ಮಾರದೆ ಉಳಿಯದೆ ಇದ್ದರೆ. ಐದು ಬಿಲ್ಲೆ ವಾಪಸು ಬಂದರೆ ಆ ಐದರ 80 ರೂಪಾಯಿ ಹೋಯಿತು, ಉಳಿಯುವುದು 36. ಒಟ್ಟಿಗೆ ಎರಡು ತಟ್ಟೆ ಮಾಡಿದರೆ ದುಡಿಮೆ ಇಮ್ಮಡಿ ಆಗುವುದಿಲ್ಲ, ಅಲ್ಲಿ ಸ್ವಲ್ಪ ಉಳಿತಾಯವಿದೆ.

ಇನ್ನೊಮ್ಮೆ ಆ ಪಟ್ಟಿಯ ಮೇಲೆ ಕಣ್ಣಾಡಿಸಿ. 268 ರೂಪಾಯಿಯಲ್ಲಿ ಕೋಕೋ ಪದಾರ್ಥ 95, ಬೆಣ್ಣೆ 90. ನಮ್ಮ ಕೊಬ್ಬರಿ 20 ಮಾತ್ರ! ನೂರಕ್ಕೆ ಏಳೆಂಟು. ಒಂದು ತಟ್ಟೆಗೆ ಒಂದು ಗಿಟಕು ಹೋದರೆ ಹೆಚ್ಚು. ಒಂದು ಕ್ವಿಂಟಲ್ ಕೊಬ್ಬರಿ ಹೀಗೆ ಖರ್ಚಾಗಬೇಕಾದರೆ ಸಾವಿರ ತಟ್ಟೆ ಸುಡಬೇಕು, 24 ಸಾವಿರ ಬಿಲ್ಲೆ ಮಾರಬೇಕು. ಒಂದು ಕ್ವಿಂಟಲ್ ಎಂದರೆ ಅರಸೀಕೆರೆ ಮಾರುಕಟ್ಟೆಯಲ್ಲಿ ಎಷ್ಟರ ಮಾತು ಎಂಬುದು ನಿಮಗೆ ತಿಳಿದದ್ದೇ. ಆದ್ದರಿಂದ ಬಿಲ್ಲೆ ಮಾಡಿ ಕೊಬ್ಬರಿಗೆ ಬೆಲೆ ತರುತ್ತೇವೆ ಎಂಬ ಭಾಷಣವನ್ನು ಯಾರಾದರೂ ವೇದಿಕೆಯ ಮೇಲೆ ಮಾಡಿದರೆ ಚಪ್ಪಾಳೆ ತಟ್ಟಿ ಮನೆಗೆ ಬನ್ನಿ, ನಂಬಬೇಡಿ. ಬಿಲ್ಲೆಯಿಂದ ಬರುವುದು ಕೂಲಿ. ಮಾಡುವವರ ಕೈಗೆಲಸದ ಕೂಲಿ. ಅದು ಸಣ್ಣದಲ್ಲ, ಮನೆಯಲ್ಲೇ ಕೂತು ದಿನಕ್ಕೆ ಇನ್ನೂರೈವತ್ತು ಮುನ್ನೂರು ರೂಪಾಯಿ ದುಡಿಯುವ ದಾರಿ ಹಳ್ಳಿಯ ಹೆಣ್ಣುಮಕ್ಕಳಿಗೆ ಹೆಚ್ಚು ಇಲ್ಲ. ಆದರೆ ಅದನ್ನು ಕೂಲಿ ಎಂದೇ ತಿಳಿದು ಲೆಕ್ಕ ಇಡಬೇಕು, ಕೊಬ್ಬರಿಯ ಲಾಭ ಎಂದಲ್ಲ.

ಇನ್ನೊಂದು ಮಾತು. ಅಟ್ಟದ ಕೊಬ್ಬರಿ ಪುಕ್ಕಟೆ ಎಂದು ಲೆಕ್ಕದಿಂದ ಬಿಡುವವರಿದ್ದಾರೆ. ಆ ಗಿಟಕನ್ನು ಮಾರುಕಟ್ಟೆಗೆ ಒಯ್ದಿದ್ದರೆ ಬರುತ್ತಿದ್ದ ಹಣವೇ ಅದರ ಬೆಲೆ. ಯಜಮಾನರು ಕೊಬ್ಬರಿಯನ್ನು ಧರ್ಮಕ್ಕೆ ಕೊಟ್ಟರು, ಹಸುವಿನ ಬೆಣ್ಣೆ ಧರ್ಮಕ್ಕೆ ಬಂತು, ಸೌದೆ ಹಿತ್ತಲಿನದ್ದು, ಹಾಗಾಗಿ ಎಲ್ಲವೂ ಲಾಭ ಎಂದುಕೊಂಡ ಸಂಘಗಳು ಒಂದು ವರ್ಷದೊಳಗೆ ಕೈಚೆಲ್ಲುತ್ತವೆ.

ತೆರಿಗೆ ಇಳಿದದ್ದು ಯಾರಿಗೆ?

ಈಗ ಸೆಪ್ಟೆಂಬರಿನ ತೀರ್ಮಾನಕ್ಕೆ ಬರೋಣ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟದಿದ್ದರೆ ನಮ್ಮ ರಾಜ್ಯದೊಳಗಿನ ಮಾರಾಟಕ್ಕೆ ಜಿಎಸ್‌ಟಿ ನೋಂದಣಿ ಬೇಕಾಗಿಲ್ಲ. ಅಂದರೆ ಮನೆಯಲ್ಲಿ ಮಾಡಿ ಮಾರುವವರು ತಮ್ಮ ಬಿಲ್ಲೆಯ ಮೇಲೆ ತೆರಿಗೆ ಹಾಕುವ ಪ್ರಶ್ನೆಯಿಲ್ಲ. ಆದರೆ ಚಾಕೊಲೇಟು, ಕೋಕೋ ಪುಡಿ, ಬೆಣ್ಣೆ ಕೊಳ್ಳುವಾಗ ಕೊಟ್ಟ ತೆರಿಗೆ ವಾಪಸು ಬರುವುದೂ ಇಲ್ಲ. ಕಾರ್ಖಾನೆಯವರಿಗಾದರೋ ಕೊಂಡ ಸಾಮಗ್ರಿಯ ತೆರಿಗೆ ವಜಾ ಆಗುತ್ತದೆ, ಮಾರುವ ಪೂರ್ತಿ ಬೆಲೆಯ ಮೇಲೆ ತೆರಿಗೆ ಬೀಳುತ್ತದೆ.

ಇದರ ಫಲವೇನು? ಕಾರ್ಖಾನೆಯ ಚಾಕೊಲೇಟಿನ ಮೂಲ ಬೆಲೆ 100 ರೂಪಾಯಿ ಎಂದಿಟ್ಟುಕೊಳ್ಳಿ. ಮೊದಲು ಅದು ಅಂಗಡಿಯಲ್ಲಿ 118 ಆಗುತ್ತಿತ್ತು, ಈಗ 105. ಗಿರಾಕಿಗೆ ನೂರಕ್ಕೆ 11ರಷ್ಟು ಅಗ್ಗವಾಯಿತು. ನಿಮ್ಮ ತಟ್ಟೆಯಲ್ಲಿ ಏನಾಯಿತು? ಈಗ 95 ರೂಪಾಯಿಗೆ ಬರುವ ಕೋಕೋ ಪದಾರ್ಥಕ್ಕೆ ಹಳೆಯ ತೆರಿಗೆಯಲ್ಲಿ 107 ಆಗುತ್ತಿತ್ತು, ಉಳಿದದ್ದು 12. ಪೊಟ್ಟಣದ ಬೆಣ್ಣೆಯಾದರೆ ಅಲ್ಲಿ ಇನ್ನೊಂದು 6. ಒಟ್ಟು 286 ರೂಪಾಯಿಯ ಖರ್ಚು 268 ಆಯಿತು, ನೂರಕ್ಕೆ 6ರಷ್ಟು. ಮನೆಯ ಬೆಣ್ಣೆಯಾದರೆ ನೂರಕ್ಕೆ ನಾಲ್ಕು ಮಾತ್ರ.

ಎಂದರೆ ಇಬ್ಬರಿಗೂ ಅನುಕೂಲವಾಯಿತು, ಆದರೆ ಅವರಿಗೆ ಆದದ್ದು ನಿಮ್ಮ ಎರಡರಷ್ಟು. ಮೊದಲು ಕಾರ್ಖಾನೆಯ ಮಾಲಿನ ಮೇಲೆ ನೂರಕ್ಕೆ 18ರ ಹೊರೆ ಇದ್ದಾಗ, ನೋಂದಣಿ ಇಲ್ಲದ ಮನೆಯ ಮಾಲಿಗೆ ಅದೇ ಒಂದು ಬೇಲಿಯಂತೆ ಕಾವಲಿತ್ತು. ಆ ಬೇಲಿ ಈಗ 5ಕ್ಕೆ ತಗ್ಗಿದೆ. ತೆರಿಗೆ ಇಳಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಬಿಸ್ಕತ್ತಿಗೂ ಬೆಣ್ಣೆಗೂ ಬಡವರ ಮನೆಯಲ್ಲೂ ಖರ್ಚಿದೆ. ಆದರೆ ಇದು ಗೃಹೋದ್ಯಮಕ್ಕೆ ಸಿಕ್ಕ ವರವೆಂದು ಹೇಳುವವರು ಲೆಕ್ಕದ ಅರ್ಧ ಪುಟ ಮಾತ್ರ ಓದಿದ್ದಾರೆ. ಇದರ ಮೇಲೆ 5, 10 ರೂಪಾಯಿ ಪೊಟ್ಟಣಗಳಲ್ಲಿ ಬೆಲೆ ಇಳಿಸುವ ಬದಲು ತೂಕ ಹೆಚ್ಚಿಸಿದ ಕಂಪನಿಗಳೂ ಇವೆ. ಶಾಲೆಯ ಮಗು ಹತ್ತು ರೂಪಾಯಿ ಹಿಡಿದು ಅಂಗಡಿಗೆ ಬಂದರೆ ಆ ಪೊಟ್ಟಣದ ಎದುರು ನಿಮ್ಮ ಬಿಲ್ಲೆ ನಿಲ್ಲಲಾರದು. ಅಲ್ಲಿ ಸ್ಪರ್ಧೆಗೆ ಇಳಿಯಲೇಬೇಡಿ.

ಎರಡು ಧಾರಣೆಗಳ ನಡುವೆ

ಕೊಬ್ಬರಿಯ ಏರಿಳಿತ ನಿಮಗೆ ಹೇಳಬೇಕಾಗಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂ. ಇದ್ದಾಗ ಮಾರುಕಟ್ಟೆಯಲ್ಲಿ ಎಂಟು ಸಾವಿರದ ಆಸುಪಾಸಿಗೆ ಕುಸಿದು ರೈತರು ಬೀದಿಗಿಳಿಯಬೇಕಾಯಿತು. 2024ರಲ್ಲಿ ಬೆಂಬಲ ಬೆಲೆ 12,000ಕ್ಕೆ ಏರಿ, ರಾಜ್ಯ ಸರ್ಕಾರ 1,500 ರೂ. ಪ್ರೋತ್ಸಾಹಧನ ಸೇರಿಸಿತು. ಮರುವರ್ಷ ನೋಡಿದರೆ ಕಥೆಯೇ ತಿರುಗಿತು. ಬರದ ಪೆಟ್ಟು, ಬಿಳಿನೊಣ, ರೋಗ ಎಲ್ಲ ಸೇರಿ ಕಾಯಿ ಕಡಿಮೆಯಾಗಿ, 2025ರಲ್ಲಿ ಉಂಡೆ ಕೊಬ್ಬರಿ 20 ಸಾವಿರ ದಾಟಿತು. ಆಗ ಅಟ್ಟ ಖಾಲಿಯಾಗಿದ್ದವರೇ ಹೆಚ್ಚು. 2026ರ ಹಂಗಾಮಿಗೆ ಕೇಂದ್ರವು ಉಂಡೆ ಕೊಬ್ಬರಿಗೆ 12,500 ರೂ. ಬೆಂಬಲ ಬೆಲೆ ಘೋಷಿಸಿದೆ.

ಎಂಟು ಸಾವಿರವಿದ್ದಾಗ ನಮ್ಮ ತಟ್ಟೆಯ ಕೊಬ್ಬರಿಗೆ 8 ರೂಪಾಯಿ, 20 ಸಾವಿರವಾದಾಗ 20. ಬೆಳೆಗಾರನಿಗೆ ಕ್ವಿಂಟಲಿಗೆ 12 ಸಾವಿರದ ವ್ಯತ್ಯಾಸ, ಬಿಲ್ಲೆ ಮಾಡುವವಳಿಗೆ ತಟ್ಟೆಗೆ 12 ರೂಪಾಯಿಯ ವ್ಯತ್ಯಾಸ. ಕೊಬ್ಬರಿ ಏರಿದರೆ ಬಿಲ್ಲೆಗೆ ದೊಡ್ಡ ಪೆಟ್ಟಿಲ್ಲ, ಇಳಿದರೂ ದೊಡ್ಡ ಲಾಭವಿಲ್ಲ. ಬಾದಾಮಿ, ಗೋಡಂಬಿ ಹಾಕಿ ಮಾಡಿದರೆ ಮಾತ್ರ ಖರ್ಚು ಏರುತ್ತದೆ. ನೋಡಲು ಚೆಂದವೆಂದು ಮೇಲೆ ನಾಲ್ಕು ಗೋಡಂಬಿ ಇಡುವುದಾದರೆ ಇಡಿ, ಪಾಕದೊಳಗೆ ಬೇಡ. ಕಡಲೆಬೀಜ ಬಿಟ್ಟು ಕೊಬ್ಬರಿಯನ್ನೇ 200 ಗ್ರಾಂ ಹಾಕಿದರೆ ರುಚಿಯೂ ಹೆಚ್ಚು, ನಮ್ಮೂರಿನ ಗುರುತೂ ಉಳಿಯುತ್ತದೆ. ಖರ್ಚು ಬರೀ ಐದು ರೂಪಾಯಿ ಹೆಚ್ಚು.

ಕೋಕೋ ಮಾತ್ರ ಹಾಗಲ್ಲ. ಲೋಕದ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಲ್ಲಿ. ಅಲ್ಲಿ 2023ರಲ್ಲಿ ಅತಿವೃಷ್ಟಿಯಿಂದ ಕಾಯಿಕೊಳೆ, ಅದರ ಹಿಂದೆಯೇ ಬರ, ಜೊತೆಗೆ ಗಿಡ ಊದಿ ಒಣಗುವ ವೈರಸ್ ರೋಗ, ಹಳೆಯ ತೋಟಗಳು. 2022ರಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಟನ್ನಿಗೆ ಎರಡೂವರೆ ಸಾವಿರ ಡಾಲರಿನ ಆಸುಪಾಸಿನಲ್ಲಿದ್ದ ಕೋಕೋ 2024ರ ಡಿಸೆಂಬರಿನಲ್ಲಿ 12 ಸಾವಿರ ಡಾಲರ್ ದಾಟಿತು. ಅದೇ ವರ್ಷದ ಬೇಸಿಗೆಯಲ್ಲಿ ಕೇರಳದ ಇಡುಕ್ಕಿಯಲ್ಲಿ ಒಣಬೀಜ ಕಿಲೋಗೆ ಸಾವಿರ ರೂಪಾಯಿ ಮುಟ್ಟಿತು, ದಕ್ಷಿಣ ಕನ್ನಡದಲ್ಲಿ ಹಸಿಬೀಜ 300 ದಾಟಿತು. ಆಮೇಲೆ ಇಳಿಯತೊಡಗಿ, 2025ರ ಕೊನೆಯ ಹೊತ್ತಿಗೆ ನ್ಯೂಯಾರ್ಕಿನ ಧಾರಣೆ ಅರ್ಧಕ್ಕೆ ಬಂದಿತ್ತು. ಆದರೆ ಪೇಟೆಯ ಚಾಕೊಲೇಟು ಏರುವಾಗ ಓಡುತ್ತದೆ, ಇಳಿಯುವಾಗ ಕುಂಟುತ್ತದೆ. ಹಾಗಾಗಿ ಚಾಕೊಲೇಟನ್ನು ಆರು ತಿಂಗಳಿಗಾಗುವಷ್ಟು ಕೊಂಡು ಕೂಡಿಡಬೇಡಿ, ತಿಂಗಳಿಗೆ ಬೇಕಾದಷ್ಟೇ ತನ್ನಿ.

ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ. ಕೋಕೋ ಬೆಣ್ಣೆ ಇರುವುದು ಚಾಕೊಲೇಟು. ನಮ್ಮ ದೇಶದ ಆಹಾರ ನಿಯಮದಂತೆ ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯಲ್ಲದ ಬೇರೆ ಸಸ್ಯಜನ್ಯ ಕೊಬ್ಬು ನೂರಕ್ಕೆ 5 ಮೀರಕೂಡದು. ಹೈಡ್ರೋಜನೇಟೆಡ್ ವೆಜಿಟೆಬಲ್ ಫ್ಯಾಟ್ ಎಂದು ಮೊದಲ ಸಾಲಿನಲ್ಲೇ ಬರೆದಿದ್ದರೆ ಅದು ಕಾಂಪೌಂಡ್ ಎಂಬ ಬೇರೆ ಪದಾರ್ಥ. ಊಟಿ, ಮಡಿಕೇರಿಯಲ್ಲಿ ಮನೆಯಲ್ಲಿ ಮಾಡಿದ ಚಾಕೊಲೇಟು ಎಂದು ಬೋರ್ಡು ಹಾಕಿ ಮಾರುವ ಅನೇಕ ಅಂಗಡಿಗಳ ಮಾಲು ಈ ಕಾಂಪೌಂಡನ್ನು ಕರಗಿಸಿ ಅಚ್ಚಿಗೆ ಹೊಯ್ದದ್ದೇ. ಅಗ್ಗ, ಬಿಸಿಲಿಗೂ ಬೇಗ ಕರಗದು. ಬಳಸುವುದು ಅಪರಾಧವಲ್ಲ, ಆದರೆ ಚಾಕೊಲೇಟು ಎಂದು ಹೆಸರು ಹಾಕಿ ಮಾರುವುದು ಸರಿಯಲ್ಲ.

ಹಾಗಾದರೆ ಕೋಕೋವನ್ನು ನಾವೇ ಏಕೆ ಬೆಳೆಯಬಾರದು? 2024ರ ಬೆಲೆ ಕಂಡು ಈ ಪ್ರಶ್ನೆ ಕೇಳಿದವರು ಬಹಳ. ತೆಂಗಿನ ನೆರಳಲ್ಲಿ ಕೋಕೋ ಚೆನ್ನಾಗಿ ಬರುವುದು ನಿಜ. ದಕ್ಷಿಣ ಕನ್ನಡ, ಕೇರಳ, ಆಂಧ್ರದ ಏಲೂರು ಭಾಗದಲ್ಲಿ ಅದನ್ನು ಕಾಣಬಹುದು. ಆದರೆ ಅದು ವರ್ಷಕ್ಕೆ 1,200 ಮಿಲಿಮೀಟರಿಗೂ ಹೆಚ್ಚು ಮಳೆ ಕೇಳುವ ಗಿಡ, ಇಲ್ಲವಾದರೆ ಬೇಸಿಗೆಯುದ್ದಕ್ಕೂ ಹನಿ ನೀರು ಬೇಕು. ಬೇಲೂರಿನ ಪಶ್ಚಿಮಕ್ಕೆ, ಕಾಫಿ ಮೆಣಸು ಬೆಳೆಯುವ ಕಡೆ ಯೋಚಿಸಬಹುದು. ಅರಸೀಕೆರೆ, ಬಾಣಾವರ, ಜಾವಗಲ್ ಸುತ್ತಿನ ಒಣಭೂಮಿಯಲ್ಲಿ, ತೆಂಗಿಗೇ ನೀರು ಸಾಲದೆ ಸುಳಿ ಬಾಡುವ ಕಡೆ, ಕೋಕೋ ಹಾಕುವುದು ಇದ್ದ ತೆಂಗನ್ನೂ ಕಳೆದುಕೊಳ್ಳುವ ದಾರಿ. ಜೊತೆಗೆ ಅಳಿಲು, ಇಲಿ, ಕೋತಿಗಳು ಕಾಯಿ ಬಿಡುವುದಿಲ್ಲ. ಬೀಜವನ್ನು ಐದಾರು ದಿನ ರಾಶಿ ಹಾಕಿ ಹುದುಗಿಸಿ ಒಣಗಿಸದಿದ್ದರೆ ಚಾಕೊಲೇಟಿನ ವಾಸನೆಯೇ ಬಾರದು. ಹತ್ತು ಗಿಡ ಇಟ್ಟವರಿಗೆ ರಾಶಿ ಹಾಕುವಷ್ಟು ಬೀಜ ಒಮ್ಮೆಗೆ ಸಿಗುವುದಿಲ್ಲ.

ಇದು ಹೊಸ ಪಾಠವೂ ಅಲ್ಲ. ಎಪ್ಪತ್ತರ ದಶಕದಲ್ಲಿ ಕಂಪನಿಗಳ ಮಾತು ನಂಬಿ ಕರಾವಳಿಯ ಅಡಿಕೆ ತೋಟಗಳಲ್ಲಿ ಕೋಕೋ ಹಾಕಿದವರಿಗೆ, ಆ ದಶಕದ ಕೊನೆಗೆ ಬೆಲೆ ಬಿದ್ದು ಕೊಳ್ಳುವವರೇ ಇಲ್ಲದಂತಾಯಿತು. ಗಿಡ ಕಡಿದವರೂ ಉಂಟು. ಆಗ 1973ರಲ್ಲಿ ಅಡಿಕೆಗಾಗಿ ಹುಟ್ಟಿದ್ದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಕೋಕೋ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟು ಕಾರ್ಖಾನೆ ತೆರೆಯಿತು. ರೈತರೇ ಕಟ್ಟಿದ ಸಂಸ್ಥೆ ಬೀಜ ಕೊಂಡು, ಅರೆದು, ಪೊಟ್ಟಣ ಮಾಡಿ ಮಾರುವವರೆಗೆ ಕೈಬಿಡಲಿಲ್ಲ. ತೆಂಗಿನ ಸೀಮೆಯಲ್ಲಿ ಅಷ್ಟು ದೊಡ್ಡ ಕೈ ನಮಗಿನ್ನೂ ಇಲ್ಲ. ನಮ್ಮ ಉಂಡೆ ಕೊಬ್ಬರಿ ಇಡಿಯಾಗಿಯೇ ಲಾರಿ ಹತ್ತಿ ಉತ್ತರ ಭಾರತಕ್ಕೆ ಹೋಗುತ್ತದೆ, ಅಲ್ಲಿ ಮಿಠಾಯಿಯಾಗುತ್ತದೆ. 2025ರಲ್ಲಿ ಬೆಲೆ ಇಳಿದಾಗ ಏಲೂರಿನ ಕೋಕೋ ಬೆಳೆಗಾರರು ಬೀದಿಗಿಳಿದದ್ದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಕೊಬ್ಬರಿಗಾಗಿ 2023ರಲ್ಲಿ ನಾವು ಮಾಡಿದ್ದೂ ಅದನ್ನೇ.

ಬೇಲೂರು ಹಳೇಬೀಡಿನ ಗಿರಾಕಿ

2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬರುವವರಲ್ಲಿ ದೂರದವರಿದ್ದಾರೆ. ಊರಿಗೆ ಒಯ್ಯಲು ಏನಾದರೂ ಹುಡುಕುತ್ತಾರೆ. ಹತ್ತು ರೂಪಾಯಿ ಪೊಟ್ಟಣ ಅವರ ಊರಲ್ಲೂ ಸಿಗುತ್ತದೆ, ಅರಸೀಕೆರೆ ಕೊಬ್ಬರಿಯ ಬಿಲ್ಲೆ ಸಿಗುವುದಿಲ್ಲ. ನಿಮ್ಮ ಗಿರಾಕಿ ಅವರು. ಆರು ಬಿಲ್ಲೆಯ ರಟ್ಟಿನ ಡಬ್ಬಿ ಕಟ್ಟಿ, ಮೇಲೆ ಕೊಬ್ಬರಿ ಯಾವ ತಾಲ್ಲೂಕಿನದು, ಮಾಡಿದವರು ಯಾವ ಊರಿನ ಸಂಘ ಎಂದು ಬರೆದರೆ ಬಿಲ್ಲೆಗೆ 20ರ ಬದಲು 25 ರೂಪಾಯಿ ಕೇಳಬಹುದು. ತಟ್ಟೆಗೆ ಅಂಗಡಿಯ ಪಾಲು ಕಳೆದು 96 ರೂಪಾಯಿ ಹೆಚ್ಚು ಬಂತು. ತೆರಿಗೆಯಿಂದ ಉಳಿದದ್ದು 18, ಡಬ್ಬಿಯ ಮೇಲಿನ ಎರಡು ಸಾಲಿನಿಂದ ಬಂದದ್ದು 96!

ದೇವಸ್ಥಾನದ ಎದುರೇ ಗೂಡಂಗಡಿ ಕಟ್ಟುವ ಆಸೆ ಬೇಡ. ರಕ್ಷಿತ ಸ್ಮಾರಕದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರಿನವರೆಗೆ ಅನುಮತಿ ಬೇಕು. ಇರುವ ಹೋಟೆಲು, ಎಳನೀರು ಅಂಗಡಿ, ಬಸ್‌ನಿಲ್ದಾಣದ ಬೇಕರಿಯವರೊಂದಿಗೆ ಮಾತಾಡಿ, ಹತ್ತು ಡಬ್ಬಿ ಇಟ್ಟು ನೋಡಿ. ನಗದಿಗೇ ಕೊಡಿ, ಸಾಲಕ್ಕೆ ಇಟ್ಟ ಮಾಲಿನ ಲೆಕ್ಕ ಸಂಘದೊಳಗೆ ಜಗಳ ತರುತ್ತದೆ.

ಮನೆಯಲ್ಲಿ ಮಾಡಿದ್ದಾದರೂ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಕಡ್ಡಾಯ. ಡಬ್ಬಿಯ ಮೇಲೆ ನೋಂದಣಿ ಸಂಖ್ಯೆ, ಸಾಮಗ್ರಿಗಳ ಪಟ್ಟಿ, ತೂಕ, ತಯಾರಿಸಿದ ದಿನ, ಎಂದಿನೊಳಗೆ ಬಳಸಬೇಕು, ಸಸ್ಯಾಹಾರದ ಹಸಿರು ಗುರುತು ಇರಬೇಕು. ಗೋಧಿ, ಹಾಲಿನ ಪದಾರ್ಥ, ಕಡಲೆಕಾಯಿ ಇದೆಯೆಂದು ಎದ್ದು ಕಾಣುವಂತೆ ಬರೆಯಿರಿ. ಕಡಲೆಕಾಯಿ ತಿಂದರೆ ಉಸಿರು ಕಟ್ಟುವ ಮಕ್ಕಳಿರುತ್ತಾರೆ, ಇದು ಬರೀ ಕಾಗದದ ನಿಯಮವಲ್ಲ. ಬೂಷ್ಟು ಹಿಡಿದ ಕೊಬ್ಬರಿ, ಮುಗ್ಗಲು ಕಡಲೆಬೀಜವನ್ನು ಕೆರೆದು, ತೊಳೆದು ಬಳಸುವ ಅಭ್ಯಾಸ ಬಿಡಿ. ಬೂಷ್ಟಿನ ವಿಷ ಒಲೆಯ ಬಿಸಿಗೂ ಪೂರ್ತಿ ಹೋಗುವುದಿಲ್ಲ. ಹಸಿ ತೆಂಗಿನಕಾಯಿ ತುರಿಯೂ ಬೇಡ. ಅದರಲ್ಲಿ ಅರ್ಧದಷ್ಟು ನೀರಿರುತ್ತದೆ, ಬಿಲ್ಲೆ ಮೂರು ದಿನಕ್ಕೆ ಹಳಸುತ್ತದೆ. ಚೆನ್ನಾಗಿ ಒಣಗಿದ ಗಿಟಕಿನ ಕಂದು ಸಿಪ್ಪೆ ಹೆರೆದು ತುರಿದರೆ ಬಿಲ್ಲೆ ಗಾಳಿಯಾಡದ ಡಬ್ಬಿಯಲ್ಲಿ ಹದಿನೈದು ದಿನ ಕೆಡದೆ ಉಳಿಯಬೇಕು. ನೀವೇ ಒಂದು ತಟ್ಟೆ ಮಾಡಿ, ದಿನಕ್ಕೊಂದರಂತೆ ತಿಂದು ನೋಡಿ ಆಮೇಲೆ ದಿನಾಂಕ ಹಾಕಿ.

ಓವನ್ನಿನ ಸಾಲದ ಮಾತು ಕೊನೆಗೆ. ಕಿರು ಆಹಾರ ಉದ್ಯಮಗಳಿಗಾಗಿ ಕೇಂದ್ರವು 2020ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಬ್ಯಾಂಕ್ ಸಾಲದೊಂದಿಗೆ ಯಂತ್ರದ ಬೆಲೆಯ ನೂರಕ್ಕೆ 35 ಸಹಾಯಧನವಿತ್ತು, ನಮ್ಮ ರಾಜ್ಯ ಅದಕ್ಕೆ 15 ಸೇರಿಸಿ ಅರ್ಧಕ್ಕೆ ತಂದಿತು. ಇಂಥ ಯೋಜನೆಗಳ ಬಗ್ಗೆ ತಾಲ್ಲೂಕಿನ ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಆದರೆ ಅರ್ಧ ಸಹಾಯಧನವೆಂದರೆ ಉಳಿದರ್ಧ ಸಾಲವೇ. ದಿನಕ್ಕೆ ನಾಲ್ಕು ತಟ್ಟೆ, ವಾರಕ್ಕೆ ಐದು ದಿನ, ಮೂರು ತಿಂಗಳು ಬಿಡದೆ ಮಾರಾಟವಾದ ಪುಸ್ತಕ ನಿಮ್ಮ ಕೈಯಲ್ಲಿದ್ದರೆ ಅರ್ಜಿ ಹಾಕಿ. ಇಲ್ಲದಿದ್ದರೆ ಮರಳಿನ ಪಾತ್ರೆಯೇ ಇರಲಿ.

ಆರಂಭಿಸುವುದಾದರೆ ನವೆಂಬರಿನಿಂದ ಜನವರಿಯವರೆಗೆ ಒಳ್ಳೆಯ ಕಾಲ; ಶಾಲಾ ಪ್ರವಾಸದ ಬಸ್ಸುಗಳು ಆಗಲೇ ಬರುತ್ತವೆ, ಚಳಿಗೆ ಲೇಪವೂ ಗಟ್ಟಿಯಾಗಿ ನಿಲ್ಲುತ್ತದೆ. ಚಾಕೊಲೇಟು ಕರಗುವುದು 34 ಡಿಗ್ರಿಯ ಆಸುಪಾಸಿನಲ್ಲಿ, ಏಪ್ರಿಲಿನಲ್ಲಿ ಅರಸೀಕೆರೆಯ ಮಧ್ಯಾಹ್ನ ಅದನ್ನು ದಾಟುತ್ತದೆ. ಮಾರ್ಚ್ ಬಂತೆಂದರೆ ಮೇಲಿನ ಲೇಪ ಬಿಟ್ಟು, ಕೋಕೋ ಪುಡಿಯನ್ನು 40 ಗ್ರಾಮಿಗೆ ಏರಿಸಿ, ಮೇಲೆ ಹುರಿದ ಕೊಬ್ಬರಿಯ ಸೀಳು ಒತ್ತಿ ಸುಡಿ. ತಟ್ಟೆಯ ಖರ್ಚು 55 ರೂಪಾಯಿ ಇಳಿಯುತ್ತದೆ, ಬಸ್ಸಿನಲ್ಲಿ ಒಯ್ಯುವವರ ಚೀಲವೂ ಹಾಳಾಗುವುದಿಲ್ಲ.